ಆಯಿ ಒರೆಸುತ್ತಿದ್ದ ಗಾಜು

ಒದ್ದೆ ಪತ್ರಿಕೆಯಿಂದ ಗಾಜು ಒರೆಸುವಾಗ ಏಳುವ ಮಸಿಯ ವಾಸನೆಗೆ ಖಾನಾಪುರದ ನಮ್ಮ ಅಜ್ಜಿಯ ಪಡಸಾಲೆ ನೆನಪಾಗುತ್ತದೆ.

ಆ ಗೋಡೆಯ ಮೇಲೆ, ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟು ಎಂದೋ ತೀರಿಹೋದ ದುಂಡು ಕನ್ನಡಕದ ಮುದುಕರ ಫೋಟೋ ಇತ್ತು. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಓದು ಬಾರದು. ಮಧ್ಯಾಹ್ನ ನಾನು ಪತ್ರಿಕೆ ಓದಿ ಹೇಳಿದರೆ, ಅದೇ ಹಾಳೆಯನ್ನು ನೀರಲ್ಲಿ ಅದ್ದಿ ಫೋಟೋ ಒರೆಸುತ್ತ ಸುದ್ದಿಯನ್ನೆಲ್ಲ ಅವರಿಗೆ ಮುಟ್ಟಿಸುತ್ತಿದ್ದಳು.

"ನಮ್ಮ ಹುಡಿಗ್ಯಾರು ಸೈಕಲ್ ಮ್ಯಾಲ ಸಾಲಿಗೆ ಹೊಂಟಾರ್ರೀ. ಹಲಸಿ ಊರಿಗೂ ಕರೆಂಟ್ ಬಂತ್ರೀ."

ಒಂದು ದಿನ, ಕನ್ನಡ ಮರಾಠಿ ಜಗಳದಲ್ಲಿ ಬೆಳಗಾವಿಯ ಬಸ್ಸಿಗೆ ಕಲ್ಲು ಬಿದ್ದ ಸುದ್ದಿ ಓದಿದೆ. ನನ್ನೊಡನೆ ಕನ್ನಡ, ಬಾಜೂ ಮನೆಯವರೊಡನೆ ಮರಾಠಿ ಆಡುತ್ತಿದ್ದ ಆಯಿ ಹಾಳೆಯನ್ನು ಮಡಚಿ ಒಲೆಗೆ ಹಾಕಿದಳು. ಸೆರಗಿನಿಂದಲೇ ಗಾಜು ಒರೆಸಿ, "ಇವತ್ತ ಪೇಪರ್ ಬಂದಿಲ್ರೀ" ಎಂದಳು.

"ಬಂದೈತಲ್ಲ ಆಯಿ? ಸುಳ್ಳ ಯಾಕ ಹೇಳ್ತಿ?"

"ಸುಮ್ನಿರು. ವಯಸ್ಸಾದವ್ರು, ಮನಸ್ಸಿಗೆ ಹಚ್ಕೋತಾರ."

ಈಗ ಸದಾಶಿವನಗರದ ನನ್ನ ಮನೆಯಲ್ಲಿ ಆ ಫೋಟೋದ ಪಕ್ಕ ಆಯಿಯದೂ ಇದೆ. ಇಂದು ಮುಂಜಾನೆ ಪತ್ರಿಕೆ ಓದಿ ಮುಗಿಸಿ, ಅದೇ ಹಾಳೆಯನ್ನು ಒದ್ದೆ ಮಾಡಿ ಇಬ್ಬರ ಗಾಜನ್ನೂ ಒರೆಸುತ್ತ ಹೇಳಿದೆ:

"ಇವತ್ತೂ ಪೇಪರ್ ಬಂದಿಲ್ರೀ."