ಪೋಗ್ ಡಾಕ್ಟರಿಗೆ ಏನೂ ಬರುವುದಿಲ್ಲ

"ನಂಗೇನೂ ಗೊತ್ತಾಗ್ತಿಲ್ಲ. ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ," ಎಂದರು ಡಾಕ್ಟರ್ ಪೋಗ್.

ಮೇಜಿನ ಮೇಲೆ ಪುಟ್ಟ ನಡೀನ್ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ಅವಳ ಅಪ್ಪ ಆರ್ವಿಲ್ ಡೀಟ್ಸ್‌ಗೆ ಪಿತ್ತ ನೆತ್ತಿಗೇರಿತು.

"ಒಳಗೆ ಹೋಗಿ ಅಷ್ಟು ಹೊತ್ತು ಕೂತು ಬಂದು ಹೇಳೋ ಮಾತೇನ್ರೀ ಇದು? ಬೋರ್ಡ್ ಯಾಕೆ ಹಾಕ್ಕೊಂಡಿದೀರಾ, ಬೆನ್ನು ನೀವೋಕಾ?"

"ಹಾಗೇ ಅಂದ್ಕೊಳ್ಳಿ. ಮಗುಗೆ ನೀರು ಮಾತ್ರ ಕುಡಿಸ್ಬೇಡಿ."

ಆರ್ವಿಲ್ ಮಗಳನ್ನು ಎತ್ತಿಕೊಂಡು ಬೈಯುತ್ತಲೇ ಟ್ರಕ್ ಹತ್ತಿದ. ಚರ್ಚಿನ ಹಿರಿಯ ಅವನು, ಸಾಯುವ ಹೊತ್ತಿಗೂ ಸುಳ್ಳು ಹೇಳುವವನಲ್ಲ.

ಪೋಗ್ ಆಸ್ಟಿಯೋಪಥಿ ಓದಿದವರು. ಔಷಧಿ, ಶಸ್ತ್ರಕ್ರಿಯೆ ಎಲ್ಲವನ್ನೂ ಕಲಿತವರೇ. ಜೊತೆಗೆ ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ವಿದ್ಯೆಯನ್ನೂ ಕಲಿತಿದ್ದರು. ಅಷ್ಟಕ್ಕೇ ಮಿಸೌರಿಯ ಆ ಊರಿನ ಎಂ.ಡಿ. ಪದವಿಯ ಡಾಕ್ಟರುಗಳ ಕಣ್ಣಿಗೆ ಅವರು ಡಾಕ್ಟರೇ ಅಲ್ಲ. ದೊಡ್ಡ ಆಸ್ಪತ್ರೆಯೊಳಗೆ ಅವರು ಕಾಲಿಡುವಂತಿರಲಿಲ್ಲ. ಅವರು ಕಳಿಸಿದ ರೋಗಿಯನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಎಂಥ ದರಿದ್ರ ನಿಯಮ!

ಆಸ್ಪತ್ರೆಯ ಬಾಗಿಲಲ್ಲೇ ಮೇಲ್ವಿಚಾರಕ ಅಡ್ಡ ನಿಂತ. "ಯಾರು ಕಳಿಸಿದ್ದು?"

"ಯಾರೂ ಇಲ್ಲ! ಆ ಪೋಗ್‌ಗೆ ಏನೂ ಬರಲ್ಲ. ಮುಖಕ್ಕೆ ಉಗಿದು ಬಂದಿದೀನಿ."

ಮೇಲ್ವಿಚಾರಕ ನಕ್ಕು ದಾರಿ ಬಿಟ್ಟ.

ಒಳಗೆ ಆಪರೇಷನ್ ಕೋಣೆಯ ದೀಪ ಆಗಲೇ ಉರಿಯುತ್ತಿತ್ತು. ಸರ್ಜನ್ ಆಷ್‌ಕ್ರಾಫ್ಟ್ ಕೈಗವಸು ತೊಟ್ಟು ನಿಂತಿದ್ದರು. ಹುಡುಗಿಯ ಹೊಟ್ಟೆಯ ಬಲಭಾಗ ಒತ್ತಿದರು. "ಅಪೆಂಡಿಕ್ಸ್. ನಡೀರಿ ಒಳಗೆ." ಡಾಕ್ಟರ್ ಅಂದರೆ ಹೀಗಿರಬೇಕು ಎಂದುಕೊಂಡ ಆರ್ವಿಲ್.

ಆಪರೇಷನ್ ಮುಗಿಸಿ ಹೊರಬಂದ ಆಷ್‌ಕ್ರಾಫ್ಟ್ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಇನ್ನು ಸ್ವಲ್ಪ ತಡ ಆಗಿದ್ರೆ ಒಡೀತಿತ್ತು. ಮಗು ಉಳೀತು. ಆ ಬೆನ್ನು ತಿಕ್ಕೋನ ಹತ್ರ ಇನ್ನೊಂದ್ಸಲ ಹೋಗ್ಬೇಡಪ್ಪ."

ಆರ್ವಿಲ್ ಅತ್ತುಬಿಟ್ಟ. ಸಂಜೆಯೊಳಗೆ ಊರಿಗೆಲ್ಲ ಡಂಗುರ ಸಾರಿದ. ಮರುದಿನ ಪೋಗ್ ಅವರ ಕ್ಲಿನಿಕ್ಕಿನಲ್ಲಿ ನೊಣ ಹೊಡೆಯಲೂ ಜನವಿರಲಿಲ್ಲ. ಅವರ ಅನ್ನಕ್ಕೆ ಹೀಗೆ ಕಲ್ಲು ಬಿದ್ದಿತ್ತು. ಪಾಪ, ಯಾರಿಗಾದರೂ ಅಯ್ಯೋ ಅನಿಸಬೇಕು.

ಮಧ್ಯಾಹ್ನ ಪೋಗ್ ಅವರ ಫೋನ್ ರಿಂಗಾಯಿತು. ಆ ಕಡೆ ಆಷ್‌ಕ್ರಾಫ್ಟ್, ಪಿಸುದನಿಯಲ್ಲಿ.

"ನಿನ್ನೆ ಫೋನಲ್ಲಿ ನೀವು ಹೇಳಿದ ಹಾಗೇ ಇತ್ತು ಡಾಕ್ಟ್ರೇ. ಮಗು ಉಳಿದಿದ್ದು ನಿಮ್ಮಿಂದ. ಅಷ್ಟು ಜನರ ಮುಂದೆ ನಿಮ್ಮನ್ನ ಬೈದಿದ್ದಕ್ಕೆ ನನಗೇ ನಾಚಿಕೆ ಆಗ್ತಿದೆ."

"ಇನ್ನೂ ಜೋರಾಗಿ ಬೈರಿ," ಎಂದರು ಪೋಗ್. "ಆಸ್ಪತ್ರೆಯೋರಿಗೆ ಅನುಮಾನ ಬಂದ್ರೆ, ಮುಂದಿನ ಮಗೂನ ನಾನು ಹೇಗೆ ಕಳಿಸ್ಲಿ?"