ಮಗ್ಗದ ಮನೆಯ ಅಳು

ಅಳುವುದನ್ನೇ ಮರೆತಿರುವ ನನ್ನ ತಂಗಿಯ ಕಣ್ಣ ಮುಂದೆ ಡಾಕ್ಟರಮ್ಮನ ಎರಡು ಬೆರಳು ಎಡಕ್ಕೂ ಬಲಕ್ಕೂ ಆಡುತ್ತಿವೆ, ಹಳೆಯ ನೋವಿಗೆ ಮಾಡುವ ಈ ಚಿಕಿತ್ಸೆಗೆ ಇ.ಎಂ.ಡಿ.ಆರ್ ಅನ್ನುತ್ತಾರಂತೆ, ಪಕ್ಕದಲ್ಲಿ ಕೂತ ನನಗೆ ಮಗ್ಗದ ಎಣ್ಣೆಯ ವಾಸನೆ ಬರುತ್ತಿದೆ.

ದೊಡ್ಡಬಳ್ಳಾಪುರದ ನಮ್ಮ ಮನೆಯೊಳಗೇ ಪವರ್‌ಲೂಮ್‌ಗಳಿದ್ದವು. ಅವು ಓಡುವಾಗ ಯಾರ ಮಾತೂ ಕೇಳುತ್ತಿರಲಿಲ್ಲ. ನಾವೆಲ್ಲ ಸದ್ದಿಲ್ಲದೆ ತುಟಿಯಾಡಿಸಿ, ಕೈಸನ್ನೆ ಮಾಡಿಯೇ ಮಾತಾಡುತ್ತಿದ್ದೆವು. ತಂಗಿಗೆ ಆಗ ನಾಲ್ಕು ವರ್ಷ. ಅವಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಆ ಮಧ್ಯಾಹ್ನ ಅವಳು ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯನ್ನೇ ನೋಡುತ್ತ, ಬಾಯಿ ತೆರೆದು ಅಳುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಯಾಕೆಂದು ನಾನು ವಿಚಾರಿಸಲಿಲ್ಲ. ಕಡಿದ ಎಳೆ ಕಟ್ಟುತ್ತಿದ್ದ ಅಮ್ಮ ಏನೆಂದು ಕೈಯಲ್ಲೇ ಕೇಳಿದಳು. ಏನಿಲ್ಲವೆಂದು ನಾನು ಕೈಯಾಡಿಸಿದೆ. ಹೊರಗೆ ಗೆಳತಿಯರು ಕುಂಟೆಬಿಲ್ಲೆಗೆ ಕಾಯುತ್ತಿದ್ದರು.

ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತವು. ತಂಗಿಯ ಬಾಯಿ ತೆರೆದೇ ಇತ್ತು, ಗಂಟಲ ನರ ಉಬ್ಬಿತ್ತು. ಆದರೆ ಚೂರೂ ಸದ್ದಿಲ್ಲ. ಲಾಳಿ ನಿಂತಿದ್ದರೂ ಅವಳ ಕಣ್ಣು ಎಡಕ್ಕೆ, ಬಲಕ್ಕೆ ಹೋಗುತ್ತಲೇ ಇತ್ತು.

“ಲೇ, ಮಗಾ ಯಾಕೇ ಹಂಗಾಡ್ತೈತೆ?” ಅಮ್ಮ ಗಾಬರಿಯಾಗಿ ಕೇಳಿದಳು.

“ಆಟ ಆಡ್ತಾವ್ಳೆ ಕಣಮ್ಮ. ನಿನ್ ಥರಾನೇ ಮಗ್ಗದ ಮಾತು.”

“ಥೂ, ಎದೆ ಝಲ್ ಅನ್ನಿಸ್ಬಿಟ್ಲು! ಒಳ್ಳೆ ನಾಟಕದವ್ಳು” ಎಂದು ಅಮ್ಮ ನಕ್ಕಳು.

ತಂಗಿ ನನ್ನನ್ನೇ ನೋಡಿ ಬಾಯಿ ಮುಚ್ಚಿಕೊಂಡಳು.

ಕರೆಂಟು ಬಂತು. ಬಿಲ್ಲೆ ಹಿಡಿದು ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದೆ. ತಂಗಿಯ ಬಾಯಿ ಮತ್ತೆ ತೆರೆದಿತ್ತು. ಮಗ್ಗದಾಚೆಯಿಂದ ಅಮ್ಮನೂ ಅವಳಂತೆಯೇ ಬಾಯಿ ಅಗಲಿಸಿ, ಕಣ್ಣನ್ನು ಅತ್ತಿತ್ತ ಆಡಿಸಿ, ಅವಳನ್ನು ನಗಿಸಲು ನೋಡುತ್ತಿದ್ದಳು.

ನಾನು ಬೀದಿಗೆ ಓಡಿದೆ.