ಹಾಡಿಗೆ ಕಾಯದವಳು

ಊರಿನ ಯಾವ ಮನೆಯಲ್ಲಿ ಯಾರಾದರೂ ‘ಚಹಾ’ ಎಂದರೆ ಸಾಕು, ಕಂಪನಿ ಕೊಟ್ಟ ಕಂಪ್ಯೂಟರು ಚಹಾಪುಡಿಯ ಜಾಹೀರಾತನ್ನು ಹಾಡುತ್ತಿತ್ತು; ಮನೆಬಳಕೆಯ ಯಾವ ಸಾಮಾನಿನ ಹೆಸರೆತ್ತಿದರೂ ಹೀಗೇ. ನಡುವೆ ಮಾತಾಡಿದರೆ ಮತ್ತೆ ಮೊದಲಿನಿಂದ. ಹಾಡು ಮುಗಿಯುವವರೆಗೆ ಕೈಗೆಲಸ ನಿಲ್ಲಿಸಿ ಬಾಯಿ ಮುಚ್ಚಿಕೊಂಡಿರುವುದು ಊರಿಗೆಲ್ಲ ರೂಢಿಯಾಗಿತ್ತು. ನೀಲಾಂಬಿಕೆ ಮಾತ್ರ ತಿಂಗಳ ಹಿಂದೆ ಕಂಪ್ಯೂಟರಿನಿಂದ ಕಂಪನಿಯ ವ್ಯವಸ್ಥೆ ಅಳಿಸಿ, ಜಾಹೀರಾತು ಹಾಡದ ಲಿನಕ್ಸ್ ಹಾಕಿಕೊಂಡಿದ್ದಳು. ಸಿಕ್ಕಿಬಿದ್ದರೆ ಕಂಪ್ಯೂಟರು ಜಪ್ತಿ.

ಕಂಪನಿಯಿಂದ ತಪಾಸಣೆಗೆ ಬಂದ ಹಾದಿಮನಿಗೆ ಅವಳು ಸ್ಪೀಕರ್ ಕೆಟ್ಟಿದೆ ಎಂದಳು. ಪರದೆಯ ಮೇಲೆ ಕಂಪನಿಯ ಹಳೆಯ ಚಿತ್ರವನ್ನೇ ಇಟ್ಟಿದ್ದಳು. ಅವನು ನಂಬಿ ಎದ್ದ.

“ಚಹಾ ಕುಡದು ಹೋಗ್ರಿ, ಸಕ್ಕರಿ ಎಷ್ಟ್ ಹಾಕ್ಲಿ?” ಎಂದುಬಿಟ್ಟಳು.

ಹಾದಿಮನಿ ಬಾಗಿಲಲ್ಲೇ ತಿರುಗಿದ. “ಸಾಮಾನಿನ ಹೆಸರ ಹೇಳಿ ನಡುವ ನಿಲ್ಲಲೇ ಇಲ್ಲಲ್ರಿ ಅಕ್ಕಾರ! ಸ್ಪೀಕರ್ ಕೆಟ್ಟೋರ ಮನ್ಯಾಗೂ ಮಂದಿ ಸುಮ್ನ ನಿಲ್ತಾರ. ಸರೀರಿ, ಮಷೀನ್ ಒಯ್ತೀನಿ.”

ನೀಲಾಂಬಿಕೆಯ ಮೈ ಉರಿಯಿತು. “ಒಯ್ಯೋ, ಕಂಪನಿ ನಾಯಿ! ನಿಲ್ಲೂದು ಮರತೈತಿ ನನಗ. ಚಹಾ! ಸಾಬೂನು! ಸೀರಿ! ಚಪ್ಪಲಿ!”

ವೈರು ಕೀಳಲು ಬಗ್ಗಿದ್ದ ಹಾದಿಮನಿ ಒಂದೊಂದು ಹೆಸರಿಗೂ ಕೈ ತಡೆದು, ಬಾರದ ಹಾಡಿಗಾಗಿ ಬಾಯಿ ಮುಚ್ಚಿ ಕಾದ. ಅದನ್ನು ಕಂಡು ಅವಳು ಅಡುಗೆಮನೆಯ ಒಂದೊಂದೇ ಸಾಮಾನಿನ ಹೆಸರು ಕೂಗುತ್ತಲೇ ಹೋದಳು.